ಬೀಳದ ಹೂವು, ಸಿಕ್ಕಿದ ಪತ್ರ

ಸೋಮವಾರ ಬೆಳಗ್ಗೆ ನಮ್ಮ ಕಾರ್ಖಾನೆಯಲ್ಲಿ ಯಾರಿಗೂ ಮೇಲ್ ತೆರೆಯಲಿಲ್ಲ. ತೆಂಗಿನ ತುರಿಯನ್ನು ಒಣಗಿಸಿ ಹೊರದೇಶಕ್ಕೆ ಕಳಿಸುವ ಕಾರ್ಖಾನೆ ಅದು, ತಿಪಟೂರಿನ ಹೊರಗಿದೆ. ಅಲ್ಲಿನ ಕಂಪ್ಯೂಟರುಗಳ ಜವಾಬ್ದಾರಿ ನನ್ನದು. ನಮ್ಮವ್ವ ಅಲ್ಲೇ ಶೆಡ್ಡಿನಲ್ಲಿ ಕಾಯಿಯ ಕಂದು ಸಿಪ್ಪೆ ಹೆರೆಯುತ್ತಾಳೆ. ನಮ್ಮ ಮನೆದೇವರು ಕೋಡಿಯಮ್ಮನ ಒಕ್ಕಲಿನವರೆಲ್ಲ ಓದಲೆಂದು ಆ ವಾರ ಆದದ್ದನ್ನು ದಿನಚರಿ ನೋಡಿಕೊಂಡು ಬರೆಯುತ್ತಿದ್ದೇನೆ.

ಹಿಂದಿನ ಶನಿವಾರ ತುಮಕೂರಿನ ಡೀಲರು ಬಂದು ಸರ್ವರಿಗೆ, ಎಂದರೆ ಎಲ್ಲರ ಮೇಲ್‌ಗಳನ್ನೂ ಇಟ್ಟುಕೊಳ್ಳುವ ಕಂಪ್ಯೂಟರಿಗೆ, ಹೊಸ ಆಂಟಿವೈರಸ್ ಹಾಕಿ ಹೋಗಿದ್ದರು. ಅದು ಯಾವುದೋ ಒಂದು ಮೇಲ್‌ನಲ್ಲಿ ವೈರಸ್ ಕಂಡು, ಮೇಲ್‌ಗಳನ್ನೆಲ್ಲ ಜೋಡಿಸಿಟ್ಟಿದ್ದ ಡೇಟಾಬೇಸಿನ ಒಂದು ಫೈಲನ್ನೇ ಕಿತ್ತು ತನ್ನಲ್ಲಿ ಬಂಧಿಸಿಟ್ಟುಕೊಂಡಿತ್ತು. ಒಂದು ಕಾಯಿ ಕೊಳೆತಿದೆಯೆಂದು ಕೊಬ್ಬರಿ ಅಟ್ಟದ ತೊಲೆಯನ್ನೇ ಎಳೆದ ಹಾಗೆ. ಬ್ಯಾಕಪ್ ಡಿಸ್ಕನ್ನೂ ಅದು ಬಿಟ್ಟಿರಲಿಲ್ಲ.

ಅದೇ ವಾರ ಹೊರದೇಶದ ವ್ಯಾಪಾರಿಯೊಬ್ಬರು, ತಾವು ಒಪ್ಪದ ಮಾಲು ಕಳಿಸಿದ್ದೀರಿ ಎಂದು ತಕರಾರು ತೆಗೆದಿದ್ದರು. ಮಾದರಿಯನ್ನು ಒಪ್ಪಿ ಅವರೇ ಬರೆದ ಪತ್ರ ಆ ಮೇಲ್‌ಗಳಲ್ಲಿತ್ತು, ಬೇರೆಲ್ಲೂ ಇರಲಿಲ್ಲ. ಶುಕ್ರವಾರದೊಳಗೆ ತೋರಿಸದಿದ್ದರೆ ಮಾಲು ವಾಪಸ್, ಹೆರೆಯುವ ಶೆಡ್ಡಿಗೆ ಬೀಗ ಎಂದರು ಯಜಮಾನರು.

ಫೈಲನ್ನು ನಾನು ಬಿಡಿಸಿ ತಂದರೆ ಆಂಟಿವೈರಸ್ ಮತ್ತೆ ಹಿಡಿಯುತ್ತಿತ್ತು. ಸೋಮವಾರ ನಾಲ್ಕು ಸಲ, ಮಂಗಳವಾರ ಆರು ಸಲ. ಅದನ್ನು ತಡೆಯುವ ಪಾಸ್‌ವರ್ಡ್ ಡೀಲರ ಹತ್ತಿರವಿತ್ತು. ಅವರು ಫೋನ್ ಎತ್ತಲಿಲ್ಲ. ಆಂಟಿವೈರಸ್ ಕಂಪನಿಯ ಸಹಾಯವಾಣಿಯವನು, "ವೈರಸ್ ಇದ್ರೆ ಹಿಡಿಯೋದೇ ಅದರ ಕೆಲ್ಸ ಅಲ್ವಾ ಮೇಡಂ" ಎಂದ.

"ಕಳ್ಳನ್ನ ಹಿಡೀಲಿ. ಮನೇನೇ ಹೊತ್ಕೊಂಡು ಹೋದ್ರೆ?"

"ದೂರು ಬರ್ಕೊಂಡಿದೀವಿ. ಕಾಯ್ಬೇಕು."

ಬುಧವಾರವೂ ಅದೇ ಮಾತು. ಕಾಯ್ಬೇಕು ಎಂದರೆ ಸಾಕು, ಮೈ ಉರಿಯುತ್ತಿತ್ತು.

ಉಳಿದದ್ದು ಒಂದೇ ದಾರಿ, ಸರ್ವರಿನದೇ ರಿಪೇರಿ ಪ್ರೋಗ್ರಾಮು. ಓದಲಾಗದ್ದನ್ನು ಅದು ಕತ್ತರಿಸಿ ಎಸೆದು ಮಿಕ್ಕದ್ದನ್ನು ಕೊಡುತ್ತದೆ. "ಮಾಡೇ ಬುಡಮ್ಮ ಸುಧಾ, ಬಂದಷ್ಟು ಬರ್ಲಿ" ಎಂದರು ಯಜಮಾನರು.

ಸಂಜೆ ಮನೆಯಲ್ಲಿ ಅವ್ವ, "ಕೋಡಿಯಮ್ಮನ್ನ ಒಂದ್ ಮಾತು ಕೇಳ್ದೆ ಮುಟ್ಬ್ಯಾಡ ಕಣೇ" ಎಂದಳು.

"ಅಮ್ಮಂಗೆ ಸರ್ವರ್ ಗೊತ್ತಾ ಅವ್ವ?"

"ನಿಂಗೆ ಗೊತ್ತಲ್ಲ, ಮೂರು ದಿನದಿಂದ ಏನ್ ಕಡಿದು ಕಟ್ಟೆ ಹಾಕ್ದೆ?"

ಗುರುವಾರ ಮೊದಲ ಬಸ್ಸಿಗೆ ಇಬ್ಬರೂ ಗುಡಿಗೆ ಹೋದೆವು. ಅಮ್ಮನ ಮೇಲೆ ಒದ್ದೆ ಹೂವಿಟ್ಟು ಕೇಳುವುದು ನಿಮಗೆಲ್ಲ ಗೊತ್ತೇ ಇದೆ. ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ನಮ್ಮ ಮುಂದಿದ್ದವರು ಮಗಳ ಮದುವೆ ಕೇಳಿದರು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಬಲಕ್ಕೆ ಬಿತ್ತು. ರಿಪೇರಿ ಮಾಡ್ಲಾ ತಾಯಿ, ಎಂದು ನಾನು ಕೇಳಿದೆ. ಮಂಗಳಾರತಿ ಮುಗಿದರೂ ಹೂವು ಅಲುಗಲಿಲ್ಲ.

"ಕೊಡ್ತಿಲ್ಲ ಕಣಮ್ಮ. ಕಾಯ್ಬೇಕು ಅಂತಾಳೆ" ಎಂದರು ಪೂಜಾರಪ್ಪ.

ಇಲ್ಲಿಯೂ ಅದೇ ಮಾತು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ.

"ಏನಂದ್ಲು ನಿಮ್ಮಮ್ಮ?" ಎಂದು ಕಾರ್ಖಾನೆಗೆ ಬಂದ ಕೂಡಲೇ ಯಜಮಾನರು ಕೇಳಿದರು.

"ಏನೂ ಅನ್ಲಿಲ್ಲ ಸಾರ್."

"ಹಂಗಾದ್ರೆ ಒತ್ತು."

ಕೀಲಿಯ ಮೇಲೆ ಬೆರಳಿಟ್ಟೆ. ಒತ್ತಲಾಗಲಿಲ್ಲ. "ಸಂಜೆವರ್ಗೂ ಬಿಡಿ ಸಾರ್" ಎಂದೆ. ಅವರು ಬಾಗಿಲು ಬಡಿದುಕೊಂಡು ಹೋದರು. ಡೀಲರ ಮೇಲೆ, ಅಮ್ಮನ ಮೇಲೆ, ನನ್ನ ಮೇಲೆ ಸಿಟ್ಟು ಮಾಡಿಕೊಂಡು ಸರ್ವರಿನ ಮುಂದೆ ಸುಮ್ಮನೆ ಕೂತಿದ್ದೆ.

ನಾಲ್ಕು ಗಂಟೆಗೆ ಡೀಲರದೇ ಫೋನು. "ಹೆಂಡ್ತಿ ಹೆರಿಗೆ ಅಂತ ಆಸ್ಪತ್ರೇಲಿದ್ದೆ ಮೇಡಂ, ಬೇಜಾರಾಗ್ಬೇಡಿ" ಎಂದರು. ಬೇಜಾರಾಗಿತ್ತು. ಮಗು ಚೆನ್ನಾಗಿದೆಯಾ ಎಂದಷ್ಟೇ ಕೇಳಿದೆ. ಅವರು ಪಾಸ್‌ವರ್ಡ್ ಹೇಳಿದರು, ಡೇಟಾಬೇಸಿನ ಜಾಗವನ್ನು ಆಂಟಿವೈರಸ್ ಮುಟ್ಟದ ಹಾಗೆ ಮಾಡಿಸಿದರು. ಫೈಲು ಬಿಡಿಸುವ ಮುಂಚೆ ಏನೋ ನೆನಪಾದವರಂತೆ, "ರಿಪೇರಿ ಗಿಪೇರಿ ಓಡ್ಸಿಲ್ಲ ತಾನೆ?" ಎಂದರು.

"ಇಲ್ಲ."

"ಬದುಕ್ಕೊಂಡ್ರಿ. ಓಡ್ಸಿದ್ರೆ ಡೇಟಾಬೇಸೇ ಬದಲಾಗೋಗ್ತಿತ್ತು, ಈ ಫೈಲು ಅದಕ್ಕೆ ಮತ್ತೆ ಕೂರ್ತಿರ್ಲಿಲ್ಲ ಕಣ್ರೀ."

ಅವರು ಹೇಳಿದ ಹಾಗೆ ಫೈಲನ್ನು ಬಿಡಿಸಿದೆ. ಫೈಲು ತನ್ನ ಜಾಗಕ್ಕೆ ಬಂದು ನಿಂತಿತು. ಸಂಜೆ ಆರರ ಹೊತ್ತಿಗೆ ಮೇಲ್‌ಗಳು ತೆರೆದವು, ವ್ಯಾಪಾರಿಯ ಪತ್ರವೂ ಸಿಕ್ಕಿತು. ಶುಕ್ರವಾರ ಅದನ್ನು ಕಳಿಸಿದೆವು. ಅವರು ತಕರಾರು ಹಿಂತೆಗೆದುಕೊಂಡರು. ಶನಿವಾರ ಅವ್ವ ಎಂದಿನಂತೆ ತನ್ನ ಚಾಕು ಹಿಡಿದು ಶೆಡ್ಡಿನಲ್ಲಿ ಕೂತಿದ್ದಳು.

ಮುಂದಿನ ಗುರುವಾರ ಮತ್ತೆ ಗುಡಿಗೆ ಹೋದೆವು. ಪೂಜಾರಪ್ಪ ಹೂವು ಕೈಗೆತ್ತಿಕೊಂಡರು. "ಕೇಳೋದೇನಿಲ್ಲ ಪೂಜಾರಪ್ಪ, ಅಮ್ಮಂಗೆ ಮುಡಿಸಿಬಿಡಿ" ಎಂದೆ.

ಆಂಟಿವೈರಸ್ ಮೇಲಿನ ನನ್ನ ಸಿಟ್ಟು ಇನ್ನೂ ಆರಿಲ್ಲ. ಕೋಡಿಯಮ್ಮನ ಮೇಲಿನದು ಆರಿದೆ. ಆ ದಿನ ಅವಳು ಬಲಕ್ಕೆ ಹೂ ಕೊಟ್ಟಿದ್ದರೆ ನಾನು ಕುಣಿದುಕೊಂಡು ಬಂದು ಎಲ್ಲವನ್ನೂ ಹಾಳು ಮಾಡುತ್ತಿದ್ದೆ. ಹೂವು ಬೀಳಲಿಲ್ಲವೆಂದು ಅಳುತ್ತ ಬಸ್ಸು ಹತ್ತುವವರು ನಮ್ಮಲ್ಲಿ ಇನ್ನೂ ಇರಬಹುದು. ಅವರಿಗಾಗಿ ಇದನ್ನು ಬರೆದೆ.