ಚೌಕ ಕಾಲದಲ್ಲಿ ನಾಲ್ಕು ಸಾಲು

ನನಗೆ ಸಂಗೀತ ಹೇಳಿಕೊಟ್ಟವರು ನಂಜನಗೂಡಿನಲ್ಲಿದ್ದರು. ಹನ್ನೊಂದು ವರ್ಷ ಭಾನುವಾರ ಭಾನುವಾರ ಅವರ ಮನೆಗೆ ಹೋಗಿ ಕಲಿತೆ. ಅವರನ್ನು ಟೀಚರ್ ಅಂತಲೇ ಕರೆಯುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಅವರ ಗಂಟಲಿಗೆ ಆಪರೇಷನ್ ಆಗಿ ದನಿಯೇ ಹೋಗಿಬಿಟ್ಟಿತ್ತು. ಮಾತೆಲ್ಲ ಪಿಸುಗುಟ್ಟಿದ ಹಾಗೆ, ಹಾಡುವುದಂತೂ ಇಲ್ಲವೇ ಇಲ್ಲ. ಒಂದು ಭಾನುವಾರ ನನ್ನ ಕೈಗೆ ನೋಟ್‌ಬುಕ್ಕಿನ ಹಾಳೆಯೊಂದನ್ನು ಕೊಟ್ಟರು. ಅವರೇ ಕಟ್ಟಿದ ಹಾಡು, ಸಹಾನ ರಾಗ, ಬರೀ ನಾಲ್ಕು ಸಾಲು. ಹಾಡಿನ ನೆತ್ತಿಯ ಮೇಲೆ ಮೂರು ಸೂಚನೆ ಬರೆದಿದ್ದರು. ಕಾಲ: ಚೌಕ, ಅಂದರೆ ತೀರಾ ನಿಧಾನ. ಶ್ರುತಿ: ನಾಲ್ಕೂವರೆ ಮನೆ, ಹೆಣ್ಣುಮಕ್ಕಳ ಗಂಟಲಿಗೆ ಸ್ವಲ್ಪ ತಗ್ಗಿನದೇ. ಭಾವ: ಬೇಡುವುದಲ್ಲ, ಒಪ್ಪಿಸುವುದು.

"ಇದು ಒಬ್ಬರು ಹಾಡೋದಲ್ಲ," ಅಂದರು. "ಒಂದೊಂದು ಸ್ವರವೂ ಉದ್ದ, ಒಬ್ಬರ ಉಸಿರು ಸಾಲಲ್ಲ. ಒಬ್ಬಳು ಉಸಿರು ತಗೊಳ್ಳುವಾಗ ಪಕ್ಕದವಳು ಹಿಡಿದಿರಬೇಕು. ಎಂಟು ಜನ ಸಿಕ್ಕಿದರೆ ಸಾಕು. ಒಂದೇ ಒಂದು ಸಲ ಕೇಳಿಸು. ನನ್ನ ಗಂಟಲಲ್ಲಿ ಇನ್ನು ಬರಲ್ಲ, ಬೇರೆಯವರ ಗಂಟಲಲ್ಲಾದರೂ ಕೇಳಿಬಿಡ್ತೀನಿ."

ಅವರು ನನ್ನನ್ನು ಏನನ್ನೂ ಕೇಳಿದವರಲ್ಲ. ಆಯ್ತು ಅಂದೆ. ಏನು ಮಹಾ, ನಾಲ್ಕು ಸಾಲು ತಾನೇ ಅಂದುಕೊಂಡೆ.

ಆಗ ನಾನು ಮೂಗೂರಿನ ಕಡೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಏಳನೇ ಕ್ಲಾಸಿನಿಂದ ಎಂಟು ಹುಡುಗಿಯರನ್ನು ಆರಿಸಿದೆ. ಶಾಲೆ ಬಿಟ್ಟ ಮೇಲೆ ತಿ. ನರಸೀಪುರದ ಬಸ್ಸು ಬರುವತನಕ ಮುಕ್ಕಾಲು ಗಂಟೆ ಸಿಗುತ್ತಿತ್ತು, ಅದೇ ನಮ್ಮ ಅಭ್ಯಾಸದ ಹೊತ್ತು. ಗಂಟಲು ಒಳ್ಳೆಯದೇ. ಆದರೆ ಗದ್ದೆ ನಾಟಿಯ ಪದ ಹೇಳಿ ಬೆಳೆದ ಮಕ್ಕಳು, ಎಂಟು ಜನವೂ ಒಟ್ಟಿಗೆ ಉಸಿರೆಳೆದು ಒಟ್ಟಿಗೆ ಬಿಡುವವರು. ಸರದಿ ಮೇಲೆ ಉಸಿರಾಡಿ ಅಂದರೆ ನಕ್ಕು ನಕ್ಕು ಸಾಯುತ್ತಿದ್ದರು.

"ಮಿಸ್, ಇಷ್ಟು ನಿಧಾನ್ಕೆ ಆಡುದ್ರೆ ಉಸ್ರು ಸಾಲಕ್ಕಿಲ್ಲ," ಅಂದಳು ಎಲ್ಲರಿಗಿಂತ ಎತ್ತರದವಳು.

"ಸಾಲದಿದ್ದರೆ ಕದ್ದು ತಗೋ, ಯಾರಿಗೂ ಗೊತ್ತಾಗಬಾರದು," ಅಂದೆ. ಒಂದು ವಾರ ಹೀಗೇ ಹೋಯಿತು.

ಅಷ್ಟರಲ್ಲಿ ಹೆಡ್‌ಮಾಸ್ಟರಿಗೆ ಸುಳಿವು ಹತ್ತಿತು. ನರಸೀಪುರದಲ್ಲಿ ತಾಲ್ಲೂಕು ಮಟ್ಟದ ಸಮೂಹ ಗಾಯನ ಸ್ಪರ್ಧೆಯಿತ್ತು. ನಮ್ಮ ಶಾಲೆಯಿಂದ ಇದೇ ಹಾಡು ಅಂತ ಬರೆದು ಕಳಿಸಿಬಿಟ್ಟರು. ಆಮೇಲೆ ನನ್ನನ್ನು ಕರೆದು, "ನೋಡಮ್ಮ, ಮೂರು ನಿಮಿಷ ಅಷ್ಟೇಯ. ದಾಟುದ್ರೆ ಬೆಲ್ ಹೊಡೆದು ಇಳಿಸ್ಬುಡ್ತಾರೆ," ಅಂದರು. ಟೀಚರ್ ಹೇಳಿದ ಕಾಲದಲ್ಲಿ ಹಾಡಿದರೆ ಐದು ನಿಮಿಷದ ಮೇಲಾಗುತ್ತಿತ್ತು. ಬೇರೆ ಹಾಡು ಹೇಳಿಸೋಣ ಸಾರ್ ಅಂದೆ. "ಇದೇ ಇರ್ಲಿ, ಒಸಿ ಜೋರಾಗ್ ಹೇಳ್ಸು," ಅಂದರು. ಜೋರು ಅಂದರೆ ಗಟ್ಟಿಯಾಗಿಯೂ ಹೌದು, ಬೇಗ ಬೇಗನೆಯೂ ಹೌದು. ಅವರಿಗೆ ಎರಡೂ ಬೇಕಿತ್ತು.

ಅಷ್ಟೇ ಸಾಲದು ಅಂತ ಹಾರ್ಮೋನಿಯಂ ನುಡಿಸಲು ಡ್ರಾಮಾ ಮೇಷ್ಟ್ರನ್ನೂ ಕರೆಸಿದರು. ಸುತ್ತಲ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವವರು. ಗೌಡರಿಗೆ, ಗುಮಾಸ್ತರಿಗೆ, ಟೈಲರಿಗೆ ವೇಷ ಕಟ್ಟಿಸಿ ಹಾಡಿಸಿದವರು. ಸ್ವರವೇ ಕಾಣದವರನ್ನು ದಡ ಸೇರಿಸುವುದು ಅವರ ಕಸುಬು. ಅದಕ್ಕೇ ಹಾರ್ಮೋನಿಯಂ ಪೆಟ್ಟಿಗೆ ಮುಂದೆ ಓಡಬೇಕು, ಹಾಡುವವರು ಹಿಂದೆ ಬರಬೇಕು. ಒಂದು ಸಾಲು ಮುಗಿದು ಉಸಿರು ಬಿಡುವಷ್ಟು ಜಾಗ ಸಿಕ್ಕಿದರೂ ಅವರ ಬೆರಳು ಸುಮ್ಮನಿರುತ್ತಿರಲಿಲ್ಲ, ಕುಣಿದು ಬರುತ್ತಿತ್ತು.

"ಮೇಡಮ್ಮೋರೆ, ನಾಲ್ಕೂವರೇಲಿ ಆಡುದ್ರೆ ಮುಂದ್ಲೆ ಸಾಲ್ನೋರ್ಗೇ ಕೇಳಕ್ಕಿಲ್ಲ ಕಣ್ರೀ. ಆರ್ಕೆ ಎತ್ಬುಡಿ," ಅಂದರು.

"ಇದು ಒಪ್ಪಿಸೋ ಹಾಡು ಮೇಷ್ಟ್ರೆ, ಕೂಗೋದಲ್ಲ."

"ಒಪ್ಸುದ್ರೂವೆ ದ್ಯಾವ್ರುಗ್ ಕೇಳ್ಬೇಕಲ್ವ್ರಾ?"

ಹುಡುಗಿಯರು ಕಿಸಕ್ಕನೆ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ದಿನಾ ನಾನು ತಾಳ ಹಾಕಿ ನಿಧಾನಕ್ಕೆ ಶುರು ಮಾಡಿಸುವುದು, ಎರಡನೇ ಸಾಲಿಗೆ ಬರುವಷ್ಟರಲ್ಲಿ ಹಾಡು ಓಡತೊಡಗುವುದು, ನಾನು ನಿಲ್ಲಿಸುವುದು, ಮೇಷ್ಟ್ರ ಮೇಲೆ ರೇಗುವುದು. ಅವರು ಬೀಡಿ ಸೇದಲು ಹೊರಗೆ ಹೋಗುವರು, ಹುಡುಗಿಯರು ಬ್ಯಾಗು ಎತ್ತಿಕೊಳ್ಳುವರು. ಬಸ್ಸಿನಲ್ಲಿ ಕೂತು ಹೆಡ್‌ಮಾಸ್ಟರನ್ನೂ ಮೇಷ್ಟ್ರನ್ನೂ ಬೈದುಕೊಂಡೇ ನರಸೀಪುರ ತಲುಪುತ್ತಿದ್ದೆ.

ಸ್ಪರ್ಧೆಯ ದಿನ ಮೇಷ್ಟ್ರ ಹಟವೇ ಗೆದ್ದು ಹುಡುಗಿಯರು ಆರು ಮನೆ ಶ್ರುತಿಯಲ್ಲಿ ಹಾಡಿದರು. ಮೂರು ನಿಮಿಷದೊಳಗೇ ಮುಗಿಯಿತು. ಸಹಾನ ಅನ್ನುವ ರಾಗದ ಒಂದು ಹನಿಯೂ ಅದರಲ್ಲಿರಲಿಲ್ಲ. ಮೊದಲ ಬಹುಮಾನ ಬಂತು. ತೀರ್ಪುಗಾರರೊಬ್ಬರು ಎದ್ದು ನಿಂತು, ಮಕ್ಕಳಲ್ಲಿ ಏನು ಲವಲವಿಕೆ ಅಂತ ಹೊಗಳಿದರು. ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದರು. ಡ್ರಾಮಾ ಮೇಷ್ಟ್ರು ನನ್ನ ಕಡೆ ನೋಡಿ ಮೀಸೆಯಲ್ಲೇ ನಕ್ಕರು. ನಾನೂ ಹಲ್ಲು ಕಿರಿದು ಫೋಟೋಗೆ ನಿಂತೆ. ಆ ಫೋಟೋ ಇನ್ನೂ ಇದೆ, ಹೊಟ್ಟೆನೋವು ಬಂದವಳ ಹಾಗೆ ಕಾಣುತ್ತೇನೆ.

ಬಹುಮಾನದ ಸುದ್ದಿ ಟೀಚರಿಗೂ ಮುಟ್ಟಿತು. ಕರೆದುಕೊಂಡು ಬಾ ಅಂತ ಕಾರ್ಡು ಬರೆದರು. ನಾನು ಮೂರು ವಾರ ನೆಪ ಹೇಳಿದೆ. ಆ ಮೂರು ವಾರ ಹಾರ್ಮೋನಿಯಂ ಇಲ್ಲದೆ, ನಾಲ್ಕೂವರೆ ಮನೆಗೆ ಇಳಿಸಿ ಮತ್ತೆ ಕಲಿಸಿದೆ. ಶ್ರುತಿ ಇಳಿಯಿತು. ಉಸಿರೂ ಸರದಿಗೆ ಬಂತು. ಕಾಲ ಮಾತ್ರ ನಿಲ್ಲದು. ಆ ಮನುಷ್ಯ ಈ ಮಕ್ಕಳನ್ನು ಪೂರ್ತಿ ಕೆಡಿಸಿ ಹೋದ ಅಂತ ಮನಸ್ಸಿನಲ್ಲೇ ಹಲ್ಲು ಕಡಿದೆ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಎಂಟು ಜನರನ್ನೂ ಕರೆದುಕೊಂಡು ನಂಜನಗೂಡಿಗೆ ಹೋದೆ. ಟೀಚರ್ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹುಡುಗಿಯರಿಗೆ ಒಂದೊಂದು ರಸಬಾಳೆ ಕೊಟ್ಟರು, ಹಾಡಿದ ಮೇಲೆ ತಿನ್ನಿ ಅಂತ ಸನ್ನೆ ಮಾಡಿದರು. ನಾನು ಅವರ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ತೊಡೆಯ ಮೇಲೆ ತಾಳ ಹಾಕಿದೆ. ಮೊದಲ ಸಾಲು ನೆಟ್ಟಗೆ ಬಂತು. ಎರಡನೆಯದರಲ್ಲಿ ಓಟ ಶುರುವಾಯಿತು. ನಾಲ್ಕನೆಯದು ಮುಗಿದಾಗ ನನಗೆ ತಲೆ ಎತ್ತಲಾಗಲಿಲ್ಲ.

"ಆ ಡ್ರಾಮಾ ಮೇಷ್ಟ್ರು ಇವರನ್ನು ಹಾಳು ಮಾಡಿಬಿಟ್ಟರು ಟೀಚರ್," ಅಂದೆ.

ಟೀಚರ್ ಬಗ್ಗಿ ನನ್ನ ಬಲಗೈಯನ್ನು ಹಿಡಿದು ತೊಡೆಯ ಮೇಲೆ ಒತ್ತಿದರು.

"ಅವರು ಇವತ್ತು ಬಂದಿಲ್ಲವಲ್ಲ," ಅಂದರು. ಪಿಸುಮಾತು ಕೇಳಲು ನಾನು ಅವರ ಬಾಯಿಯ ಹತ್ತಿರ ಕಿವಿ ಇಟ್ಟಿದ್ದೆ. "ಹುಡುಗೀರು ಸರಿಯಾಗೇ ಇದ್ದಾರೆ. ಓಡ್ತಿರೋದು ನಿನ್ನ ತಾಳ. ಕಲಿಯೋಕೆ ಬಂದ ದಿನದಿಂದಲೂ ಹೀಗೇ. ನಾನೇ ನಿನ್ನ ಜೊತೆ ಓಡ್ಕೊಂಡು ಹಾಡ್ತಿದ್ದೆ."

"ಹನ್ನೊಂದು ವರ್ಷ ಹೇಳಲಿಲ್ಲವಲ್ಲ ನೀವು?"

"ಹೇಳಿದ್ರೆ ನೀನು ಬರೋದು ಬಿಟ್ಟುಬಿಡ್ತಿದ್ದೆ. ನಿನ್ನ ಕೋಪ ನನಗೆ ಗೊತ್ತಿಲ್ವಾ?"

ಬಿಟ್ಟುಬಿಡುತ್ತಿದ್ದೆ, ಸುಳ್ಳಲ್ಲ. ಆಗಲೂ ಎದ್ದು ಹೋಗಿಬಿಡೋಣ ಅನ್ನಿಸಿತು. ಹೆಡ್‌ಮಾಸ್ಟರು, ಮೇಷ್ಟ್ರು, ಮೂರು ನಿಮಿಷದ ಬೆಲ್ಲು, ನಾನು ಬೈದದ್ದನ್ನೆಲ್ಲ ನೆನೆದು ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಅದನ್ನು ಯಾರ ಮೇಲೆ ಹಾಕಬೇಕೋ ತಿಳಿಯಲಿಲ್ಲ.

ಟೀಚರ್ ಹುಡುಗಿಯರತ್ತ ತಿರುಗಿ ಬೆರಳೆತ್ತಿದರು. ತಾಳವಿಲ್ಲ, ಏನಿಲ್ಲ, ಬರೀ ಅವರ ಎದೆ ಉಸಿರಿಗೆ ಏರಿಳಿಯುವುದನ್ನು ನೋಡಿಕೊಂಡು ಎಂಟು ಜನವೂ ಶುರು ಮಾಡಿದರು. ಎತ್ತರದವಳು ಉಸಿರು ತಗೊಂಡಳು, ಪಕ್ಕದವಳು ಹಿಡಿದಳು. ಸ್ವರ ಎಲ್ಲೂ ಕಡಿಯಲಿಲ್ಲ. ಎರಡನೇ ಸಾಲು ಬಂತು, ಓಡಲಿಲ್ಲ. ಟೀಚರ್ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದರು. ಹಾಡು ಮುಗಿಯಲು ಐದು ನಿಮಿಷದ ಮೇಲೇ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಒಬ್ಬ ಹುಡುಗಿಯೂ ನನ್ನ ಕಡೆ ನೋಡಲಿಲ್ಲ. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದೆ.