ಎರಡು ಕಾಲಿನ ಮಾವು

ನಮ್ಮ ಹಿತ್ತಲಿನ ಮಾವಿನ ಗಿಡಕ್ಕೆ ತಂತಿ ಬಿಗಿದವಳು ನಾನು. ಗಿರಿಜಕ್ಕನ ಕಣ್ಣು ಬಿದ್ದು ಅದು ಒಣಗುತ್ತಿದೆ ಎಂದು ಮನೆಯವರೆಲ್ಲ ಅಂದಾಗ ಸುಮ್ಮನೆ ನಿಂತವಳೂ ನಾನೇ. ಆ ಮರಕ್ಕೆ ಎರಡು ಕಾಲು ಏಕೆ ಎಂದು ನೀವು ಚಿಕ್ಕವರಿದ್ದಾಗ ಕೇಳುತ್ತಿದ್ದಿರಿ, ಮೊಮ್ಮಕ್ಕಳೇ — ಆ ಸಂದಿಯಲ್ಲಿ ಕೈ ತೂರಿಸಿ ಆಡುತ್ತಲೇ ಕೇಳುತ್ತಿದ್ದಿರಿ. ದೇವರು ಹಾಗೆ ಮಾಡಿದ್ದಾನೆ ಎಂದು ಹೇಳಿ ಒಳಗೆ ಹೋಗಿಬಿಡುತ್ತಿದ್ದೆ. ದೇವರಲ್ಲ.

ನಾನು ಜಗಳೂರು ಕಡೆಯವಳು. ಹೊನ್ನಾಳಿ ಹತ್ತಿರದ ಈ ಊರಿಗೆ ಸೊಸೆಯಾಗಿ ಬಂದಾಗ ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಿರಿಜಕ್ಕ ನನ್ನ ಓರಗಿತ್ತಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ತ್ಯಾವಣಿಗೆಯ ಹೆಣ್ಣು, ಆಕೆಯ ಅಪ್ಪ ಮಾವಿಗೆ ಕಸಿ ಕಟ್ಟುತ್ತಿದ್ದರಂತೆ. ಆಕೆಗೆ ಮಕ್ಕಳಾಗಿರಲಿಲ್ಲ. ನನಗೆ ನಿಮ್ಮ ಅಪ್ಪ ಹುಟ್ಟಿದಾಗ ಮಾವನವರು ಹಿತ್ತಲಲ್ಲಿ ಒಂದು ಕಸಿ ಮಾವು ನೆಟ್ಟರು. ಗಿಡ ಹೇಗೋ ಮಗು ಹಾಗೆ ಎಂಬುದು ಅತ್ತೆಯ ನಂಬಿಕೆ. ನನ್ನದೂ ಅದೇ ಆಯಿತು.

ಒಂದು ದಿನ ಗಿರಿಜಕ್ಕ ಕೆಂಪು ಚಿಗುರನ್ನು ಮುಟ್ಟಿ, "ಕೂಸಿನ ಕಿವಿ ಇದ್ದಂಗೈತೆ ನೋಡೇ," ಅಂದಳು. ಅಷ್ಟೇ. ಮಕ್ಕಳಿಲ್ಲದವಳು ಆಸೆಯಿಂದ ನೋಡಿದಳಲ್ಲ ಎಂದು ಕಂಕುಳಲ್ಲಿದ್ದ ಮಗುವನ್ನು ಸೆರಗಿನಡಿ ಮುಚ್ಚಿಕೊಂಡೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ನಮ್ಮ ತವರಿನಲ್ಲಿ ದೃಷ್ಟಿ ತಾಗದಿರಲೆಂದು ಗಿಡಕ್ಕೆ ಕರಿ ಕುರಿಯ ಉಣ್ಣೆದಾರ ಕಟ್ಟುತ್ತಾರೆ, ಅದಕ್ಕೆ ಹಳೆ ಚಪ್ಪಲಿಯ ತುಂಡು ಪೋಣಿಸುತ್ತಾರೆ. ದಾರ ಮಳೆಗೆ ಕೊಳೆತರೆ? ಬೇಲಿಯಿಂದ ಉಳಿದ ತಂತಿಗೇ ಉಣ್ಣೆ ಸುತ್ತಿ, ಬುಡದ ಹತ್ತಿರ ಬಿಗಿಯಾಗಿ ತಿರುವಿದೆ. ಕಾಣದಿರಲೆಂದು ಮೇಲೆ ಸೊಪ್ಪು, ಮಣ್ಣು ಏರಿಸಿದೆ. ಮರೆತೆ. ಮಗು ಬೆಳೆದಂತೆ ಉಡಿದಾರ ಸಡಿಲಿಸಲು ಗೊತ್ತಿದ್ದ ತಾಯಿಗೆ, ಗಿಡವೂ ದಪ್ಪವಾಗುತ್ತದೆ ಎಂದು ತೋಚಲಿಲ್ಲ.

ಮೂರನೆಯ ಬೇಸಿಗೆಯಲ್ಲಿ ಎಲೆ ಹಳದಿಯಾಯಿತು. ಬಂದ ಚಿಗುರು ಕೈಬೆರಳಿನಷ್ಟೂ ಬೆಳೆಯದೆ ಮುದುಡಿತು. ಅದೇ ವಾರ ನಿಮ್ಮ ಅಪ್ಪನಿಗೆ ಜ್ವರ. ಅತ್ತೆ ಅಡುಗೆಮನೆಗೆ ಕೇಳುವಂತೆ, ಬಂಜೆ ಕಣ್ಣು ಕಲ್ಲನ್ನೂ ಸೀಳ್ತೈತೆ ಅಂದರು. ಅಂದಿನಿಂದ ಗಿರಿಜಕ್ಕ ಹಿತ್ತಲಿಗೆ ಹೋಗುವಂತಿಲ್ಲ, ಮಗುವನ್ನು ಎತ್ತುವಂತಿಲ್ಲ. ನಿಮ್ಮ ಅಪ್ಪ 'ದೊಡ್ಡವ್ವ, ದೊಡ್ಡವ್ವ' ಎಂದು ಬಾಗಿಲಲ್ಲಿ ಕೈ ಚಾಚಿ ಅಳುತ್ತಿದ್ದ. ಆಕೆ ಸೆರಗಿನಲ್ಲಿ ಕೈ ಮುಚ್ಚಿಕೊಂಡು ನಿಲ್ಲುತ್ತಿದ್ದಳು.

ಮುಂಗಾರು ಶುರುವಾದಾಗ ಅತ್ತೆ ಬಸವಾಪಟ್ಟಣಕ್ಕೆ ಮದುವೆಗೆ ಹೋದರು. ಬಸ್ಸು ಹೊರಟ ಸದ್ದು ಕೇಳಿದ್ದೇ ತಡ, ಗಿರಿಜಕ್ಕ ನೆಟ್ಟಗೆ ಹಿತ್ತಲಿಗೆ ನಡೆದಳು. ನಾನು ಹಿಂದೆ ಓಡಿದೆ. ಆಕೆ ಎಲೆ ನೋಡಲಿಲ್ಲ. ಕಾಂಡವನ್ನು ಮೇಲಿನಿಂದ ಕೆಳಕ್ಕೆ ಸವರುತ್ತಾ ಬಂದಳು. ಒಂದು ಕಡೆ ಕೈ ನಿಂತಿತು. ಅಲ್ಲಿ ಗಿಡ ಊದಿತ್ತು, ಬಿಗಿ ಬಳೆಯ ಮೇಲಿನ ತೋಳಿನಂತೆ. ಅದರ ಕೆಳಗೆ ಸೊರಗಿತ್ತು. ಉಗುರಿನಿಂದ ಕೆರೆದಳು — ಮೇಲೆ ಹಸಿರು, ಕೆಳಗೆ ಕಂದು. ಮಣ್ಣು ಸರಿಸಿದಳು. ತೊಗಟೆಯೊಳಗೆ ಹೂತುಹೋದ ತಂತಿ, ಕರಿ ಉಣ್ಣೆಯ ಎಳೆ, ಚಪ್ಪಲಿಯ ತುಂಡು.

"ಇದು ನಿಮ್ಮ ಜಗಳೂರು ಕಡೆ ಕಟ್ಟು ಅಲ್ಲೇನೆ?"

"ನನಗೆ ಗೊತ್ತಿಲ್ಲಕ್ಕ," ಅಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಹಂಗಾರೆ ಗಿಡಕ್ಕೆ ಗೊತ್ತೈತೆ ಬಿಡು. ಹೋಗು, ಚಾಕು ತಗಂಬಾ."

ತಂತಿ ಕತ್ತರಿಸಿ ನಿಧಾನವಾಗಿ ಬಿಡಿಸಿದಳು. ಸತ್ತ ತೊಗಟೆಯನ್ನು ಜೀವ ಇರುವ ಅಂಚಿನವರೆಗೆ ಹೆರೆದಳು. ಗಾಯ ಸುತ್ತಲೂ ಆವರಿಸಿದೆ, ಬರೀ ಸಗಣಿ-ಕೆಮ್ಮಣ್ಣು ಮೆತ್ತಿದರೆ ಸಾಲದು, ಎಲೆ ಮಾಡಿದ ಅಡುಗೆ ಬೇರಿಗೆ ಇಳಿಯಾಕೆ ಹಾದಿ ಬೇಕು ಅಂದಳು. ತಿಪ್ಪೆಯಲ್ಲಿ ಯಾರೋ ಉಗಿದ ಗೊರಟೆಯಿಂದ ಎದ್ದ ಒಂದು ಕಾಡು ಮಾವಿನ ಸಸಿಯನ್ನು ಮಣ್ಣುಹೆಂಟೆ ಸಮೇತ ತಂದು ಗಿಡದ ಪಕ್ಕದಲ್ಲೇ ನೆಟ್ಟಳು. ಅದರ ತುದಿ ಕತ್ತರಿಸಿ, ಮೊನೆಯನ್ನು ಒಂದು ಬದಿಗೆ ಓರೆಯಾಗಿ ಹೆರೆದು, ಗಾಯದ ಮೇಲಿನ ಹಸಿ ತೊಗಟೆಯ ಒಳಗೆ ಸೇರಿಸಿ ಬಾಳೆನಾರಿನಿಂದ ಕಟ್ಟಿದಳು. ಎರಡು ತಿಂಗಳಾದ ಮೇಲೆ ಕಟ್ಟು ಸಡಿಲ ಮಾಡು, ಮರೀಬ್ಯಾಡ — ಹಾಗೆ ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಯಾರಾದರೂ ಕೇಳಿದರೆ ಈ ಕಸಿ ನಾನೇ ಮಾಡಿದ್ದೆಂದು ಹೇಳಲು ಆಕೆಯೇ ಹೇಳಿದ್ದಳು. ಇಲ್ಲದಿದ್ದರೆ ಅತ್ತೆ ಕಿತ್ತೆಸೆಯುತ್ತಿದ್ದರು. ಆ ಸುಳ್ಳು ಗಿಡಕ್ಕಾಗಿ. ಮೊದಲಿನದು ನನಗಾಗಿ.

ಆಮೇಲೆ ನಾನು ಕಂಡದ್ದನ್ನು ಹೇಗೆ ಬರೆಯಲಿ? ದಿನಾ ಮುಂಜಾನೆ ನೀರು ಹಾಕಿ ಅಲ್ಲೇ ಕೂತುಬಿಡುತ್ತಿದ್ದೆ. ಹೆರೆದ ಅಂಚು ತುಟಿಯಂತೆ ಉಬ್ಬಿತು. ಸಸಿಯ ತೊಗಟೆ, ಗಿಡದ ತೊಗಟೆ ಒಂದನ್ನೊಂದು ಹಿಡಿದವು. ಕಟ್ಟು ಬಿಚ್ಚಿದ ದಿನ, ಎಲ್ಲಿ ಇದು ಮುಗಿದು ಅದು ಶುರುವಾಗುತ್ತದೆ ಎಂದು ಬೆರಳಿಗೆ ತಿಳಿಯಲಿಲ್ಲ. ತಿಪ್ಪೆಯ ಗೊರಟೆ — ತನ್ನದಲ್ಲದ ಗಿಡವನ್ನು ತನ್ನ ಬೇರಿನ ಮೇಲೆ ಹೊತ್ತು ನಿಂತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ. ಗುಡಿಯಲ್ಲಿ ಮುಗಿಯುವಂತೆ ಅಲ್ಲಿ ಕೈ ಮುಗಿದಿದ್ದೇನೆ. ಹೊಸ ಚಿಗುರು ಕೆಂಪಗೆ ಬಂತು, ಕೂಸಿನ ಕಿವಿಯಂತೆಯೇ.

ಅತ್ತೆ ಅದನ್ನು ನೋಡಿ ಹಿಗ್ಗಿದರು. "ನೋಡಿದ್ಯಾ, ಆಕಿನ ದೂರ ಇಟ್ವಿ, ಗಿಡ ಬದುಕ್ತು."

ಗಿರಿಜಕ್ಕ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಸದ್ದು ನಿಂತಿತು. ಬಾಗಿಲಿನಿಂದ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ — ಕಾಯುತ್ತಾ. ಒಂದು ಮಾತು ಸಾಕಿತ್ತು. ನಾನು ಕೊಡ ಎತ್ತಿಕೊಂಡು ನೀರಿಗೆ ಹೋದೆ. ಬಾವಿಯ ಹತ್ತಿರ ಹೋದ ಮೇಲೆ ನೆನಪಾಯಿತು, ಕೊಡ ತುಂಬಿಯೇ ಇತ್ತು.

ಮರುವರ್ಷ ಗಿರಿಜಕ್ಕ, ಭಾವನವರು ಬೇರೆಯಾಗಿ ನ್ಯಾಮತಿಗೆ ಹೋದರು. ಎಂಬತ್ತರ ದಶಕದಲ್ಲಿ ಮರ ಫಲ ಕೊಡತೊಡಗಿತು. ಪ್ರತಿ ವರ್ಷ ಹಣ್ಣು ಕಳಿಸಿದೆ. ಮಾತು ಕಳಿಸಲಿಲ್ಲ. ಕಣ್ಣು ಕೆಟ್ಟದ್ದು ಎಂಬ ಆ ಹೆಸರು ಆಕೆಯ ಹಿಂದೆ ನ್ಯಾಮತಿಗೂ ಹೋಯಿತು. ಯಾವ ಮನೆಯ ತೊಟ್ಟಿಲಿಗೂ ಆಕೆಯನ್ನು ಮುಂದೆ ಕರೆಯಲಿಲ್ಲವಂತೆ. ನಾವೂ ಕರೆಯಲಿಲ್ಲ. ಅತ್ತೆ ಹೋದರು, ನಿಮ್ಮ ಅಜ್ಜ ಹೋದರು, ನಾನು ಅಂಜಬೇಕಾದವರು ಯಾರೂ ಉಳಿಯಲಿಲ್ಲ — ಆದರೂ ನಾನು...

ಬರುವ ಸೋಮವಾರ ಮೊಮ್ಮಗಳು ಸೌಮ್ಯಳ ಕೂಸಿನ ನಾಮಕರಣ. ಗಿರಿಜಕ್ಕನನ್ನು ಕರೆತರಲು ಹೇಳಿದ್ದೇನೆ. ತೊಟ್ಟಿಲ ಹಗ್ಗ ಮೊದಲು ಆಕೆಯ ಕೈಗೆ ಕೊಡಿ. ಕೊಡುವ ಮುಂಚೆ, ಬಂದವರೆಲ್ಲರ ಎದುರಿಗೆ, ಆ ಕಟ್ಟು ನನ್ನದು ಎಂದು ಹೇಳುತ್ತೇನೆ. ಆಕೆ ಕ್ಷಮಿಸಲಿ ಎಂದಲ್ಲ. ಇಷ್ಟು ವರ್ಷ ಗಿಡಕ್ಕೆ ಗೊತ್ತಿತ್ತು, ಅದಕ್ಕೆ ಬಾಯಿರಲಿಲ್ಲ. ನನಗಿತ್ತು.