ಒಳಮಡಿಕೆ

ನಮ್ಮ ಯಜಮಾನರಿಗೆ ಕತ್ತರಿ ಕಂಡರೆ ಆಗುವುದಿಲ್ಲ. ಇಪ್ಪತ್ತು ವರ್ಷ ಟೈಲರ್ ಕೆಲಸ ಮಾಡಿದವರ ಬಗ್ಗೆ ಹೀಗೆ ಹೇಳಿದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಕಟ್ಟಿಕೊಂಡವಳು ನಾನು, ನನಗೆ ಗೊತ್ತು. ಉದ್ದ ಕಡಿಮೆ ಮಾಡಿ ಎಂದು ಯಾರಾದರೂ ಬಟ್ಟೆ ಕೊಟ್ಟರೆ, ಹೆಚ್ಚಾದದ್ದನ್ನು ಕತ್ತರಿಸದೆ ಒಳಗೆ ಮಡಚಿ ಹೊಲಿದುಬಿಡುತ್ತಾರೆ. ಮಕ್ಕಳು ಬೆಳೆಯುತ್ತಾರೆ, ದೊಡ್ಡವರು ದಪ್ಪಗಾಗುತ್ತಾರೆ, ಬಿಚ್ಚಿಕೊಳ್ಳಲು ಬಟ್ಟೆ ಇರಬೇಕಲ್ಲ ಎಂಬುದು ಅವರ ವಾದ. ಊರಿನಲ್ಲಿ ಈ ಗುಣಕ್ಕಾಗಿಯೇ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದರು.

ಪರದೇಶಕ್ಕೆ ಬಂದ ಮೇಲೆ ಅದೇ ಗುಣ ಕುತ್ತಿಗೆಗೆ ಬಂತು. ನಾವಿಬ್ಬರೂ ಸೇರಿದ್ದು ಬಟ್ಟೆ ರಿಪೇರಿಯ ಅಂಗಡಿಗೆ. ಅವರು ಮಿಷನ್ನಿನ ಮುಂದೆ, ನಾನು ಇಸ್ತ್ರಿ ಮೇಜಿನ ಹಿಂದೆ. ಅಂಗಡಿಯ ಮೇಡಂ ಕೊರಳಿಗೆ ಟೇಪು ಹಾಕಿಕೊಂಡೇ ಹುಟ್ಟಿದವರಂತಿದ್ದರು. ಅವರ ಪ್ರಕಾರ ಅಂಚಿನೊಳಗೆ ಬಿಡಬೇಕಾದದ್ದು ಎರಡು ಬೆರಳು, ಮಿಕ್ಕಿದ್ದು ಬುಟ್ಟಿಗೆ. ಮೊದಲ ತಿಂಗಳಲ್ಲೇ ಇಬ್ಬರು ಗಿರಾಕಿಗಳು ಪ್ಯಾಂಟಿನ ಅಂಚು ದಪ್ಪಗಿದೆ ಎಂದು ವಾಪಸು ತಂದರು. ಮೇಡಂ ಕೂಗಾಡಲಿಲ್ಲ. ಇನ್ನೊಂದು ಸಲ ಹೀಗಾದರೆ, ವರ್ಷ ತುಂಬಿದಾಗ ಕೆಲಸ ಖಾಯಂ ಮಾಡುವ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದಷ್ಟೇ ಹೇಳಿದರು.

ಆ ಕಾಗದವಿಲ್ಲದೆ ನಮ್ಮ ಪುಟ್ಟಿ ಬರುವಂತಿರಲಿಲ್ಲ. ಹತ್ತು ವರ್ಷದ ಮಗಳನ್ನು ನನ್ನ ಅಮ್ಮನ ಹತ್ತಿರ ಬಿಟ್ಟು ಬಂದಿದ್ದೆವು. ಕೆಲಸ ಖಾಯಂ ಆದವರು ಮಾತ್ರ ಮಕ್ಕಳನ್ನು ಕರೆಸಿಕೊಳ್ಳಬಹುದಂತೆ. ದಿನಾ ಫೋನಿನಲ್ಲಿ ಮುಖ ಕಾಣುತ್ತಿತ್ತು, ನಿಜ. ಆದರೆ ಮುಖ ನೋಡಿ ಎತ್ತರ ಹೇಳುವುದು ಹೇಗೆ?

ಯಜಮಾನರು ಹಲ್ಲು ಕಚ್ಚಿಕೊಂಡು ಕತ್ತರಿಸಲು ಕಲಿತರು. ಕತ್ತರಿಸಿದ ಪಟ್ಟಿಗಳನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ತುರುಕಿಕೊಳ್ಳುತ್ತಿದ್ದರು. ಬಟ್ಟೆ ಒಗೆಯುವಾಗ ಅವೆಲ್ಲ ನನ್ನ ಕೈಗೆ ಸಿಗುತ್ತಿದ್ದವು.

ಮೂರನೇ ತಿಂಗಳಲ್ಲಿ, ನಮ್ಮ ಬೀದಿಯ ಬಸ್ಸು ಓಡಿಸುವ ಹೆಂಗಸು ಮಗಳ ಹಳದಿ ಫ್ರಾಕು ತಂದಳು. ತುಂಬಾ ಉದ್ದವಾಯಿತು, ನಾಲ್ಕು ಬೆರಳು ಕತ್ತರಿಸಿ ಎಂದಳು. ಜೊತೆಗಿದ್ದ ಹುಡುಗಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು. ಪುಟ್ಟಿಗೂ ಆ ವಯಸ್ಸಿನಲ್ಲಿ ಅವೇ ಹಲ್ಲು ಬಿದ್ದಿದ್ದವು. ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಇವರು ಮೆಲ್ಲಗೆ ಬಾಯಿಬಿಟ್ಟರು.

"ಆ ಫ್ರಾಕನ್ನ ಮಡಚಿಬಿಟ್ಟೆ ಕಣೇ."

ನನಗೆ ಮೈಯೆಲ್ಲ ಉರಿಯಿತು. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆ ಮಾಡಿದವರು ನಿಮ್ಮನ್ನು ನೋಡಿಯೇ ಮಾಡಿರಬೇಕು ಎಂದೆ. ಬಿಚ್ಚಿ ಕತ್ತರಿಸೋಣವೆಂದರೆ ಫ್ರಾಕು ಆಗಲೇ ಗಿರಾಕಿಯ ಮನೆ ಸೇರಿತ್ತು. ಅಂದಿನಿಂದ ಅಂಗಡಿಯ ಬಾಗಿಲು ತೆರೆದಾಗಲೆಲ್ಲ ಆ ಫ್ರಾಕು ವಾಪಸು ಬಂತೇನೋ ಎಂದು ತಲೆಯೆತ್ತಿ ನೋಡುತ್ತಿದ್ದೆ. ಈ ಮಹಾಶಯರು ಮಾತ್ರ ಹಸಿರು ಬಟ್ಟೆ ತಂದು ಪುಟ್ಟಿಗೆ ಲಂಗ ಹೊಲಿಯಲು ಕುಳಿತರು. ಬರುವ ಹೊತ್ತಿಗೆ ಎಷ್ಟು ಬೆಳೆದಿರುತ್ತಾಳೋ ಎಂದು ಅಂಚಿನೊಳಗೆ ಆರು ಬೆರಳು ಮಡಚಿಟ್ಟರು.

ವರ್ಷ ತುಂಬುತ್ತ ಬಂತು. ಸೋಮವಾರ ಸಹಿ ಹಾಕುತ್ತೇನೆ ಎಂದು ಮೇಡಂ ಹೇಳಿದ್ದರು. ಶುಕ್ರವಾರ ಬಸ್ಸಿನವಳು ಮಗಳ ಕೈಹಿಡಿದು ಬಂದಳು. ಫ್ರಾಕು ಹುಡುಗಿಯ ಮೊಣಕಾಲು ದಾಟಿ ಮೇಲೇರಿತ್ತು. ಬೇರೆ ಯಾವುದನ್ನೂ ಮುಟ್ಟುವುದಿಲ್ಲ ಎಂದು ಹಟ ಹಿಡಿದಿದ್ದಾಳೆ, ಸ್ವಲ್ಪ ಉದ್ದ ಮಾಡಲಾದೀತೇ ಎಂದು ತಾಯಿ ಕೇಳಿದಳು. ಮೇಡಂ ಹಳೆಯ ರಸೀದಿ ನೋಡಿದರು. ಕತ್ತರಿಸಿದ್ದು ಅಂತ ಬರೆದಿದೆ, ಕತ್ತರಿಸಿದ ಮೇಲೆ ಬಟ್ಟೆ ಎಲ್ಲಿಂದ ಬರಬೇಕು ಎಂದರು. ಹುಡುಗಿ ಫ್ರಾಕಿನ ಅಂಚನ್ನು ಎರಡೂ ಕೈಯಲ್ಲಿ ಕೆಳಗೆ ಜಗ್ಗಿದಳು.

ಮಿಷನ್ನು ನಿಂತಿತು. ನಾನು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡೇ ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಇವರು ಮಾಡಬೇಕಿದ್ದದ್ದು ಒಂದೇ, ಬಾಯಿಮುಚ್ಚಿಕೊಂಡು ಕೂರುವುದು. ಅಷ್ಟು ಮಾಡಿದ್ದರೆ ಪುಟ್ಟಿ ಬಂದಂತೆಯೇ ಇತ್ತು. ಆದರೂ ಎದ್ದು ಹೋದರು, ಹುಡುಗಿಯ ಮುಂದೆ ಮಂಡಿಯೂರಿ ಅಂಚು ತಿರುವಿದರು, ಸೂಜಿಯಿಂದ ನಾಲ್ಕು ಹೊಲಿಗೆ ಎತ್ತಿ ಒಳಗಿನ ಬಟ್ಟೆ ತೋರಿಸಿದರು.

"ನಾನು ಕತ್ತರಿಸಿರಲಿಲ್ಲ ಮೇಡಂ," ಎಂದರು, ಅರ್ಧಂಬರ್ಧ ಬರುವ ಆ ದೇಶದ ಭಾಷೆಯಲ್ಲಿ. "ಮಗು ಅಲ್ವಾ, ಬೆಳೀತಾಳೆ ಅನ್ನಿಸ್ತು."

ಮೇಡಂ ಅಭ್ಯಾಸಬಲದಿಂದ ಟೇಪು ತೆಗೆದು ಮಡಿಕೆಯನ್ನು ಅಳೆದರು. ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡು ಒಳಗೆ ಹೋದರು. ಇವರು ಬಿಚ್ಚಿ ಹೊಲಿದುಕೊಟ್ಟ ಫ್ರಾಕಿನ ಮೇಲೆ ನಾನು ಎಷ್ಟು ಇಸ್ತ್ರಿ ಒತ್ತಿದರೂ ಮಡಿಕೆಯ ಗೆರೆ ಹೋಗಲಿಲ್ಲ. ಗೆರೆಯ ಕೆಳಗಿನ ಬಟ್ಟೆ ಮಾಸದೆ ಹೊಸ ಹಳದಿಯಾಗಿತ್ತು. ಹುಡುಗಿ ಅದನ್ನೇ ತೊಟ್ಟು ಕುಣಿಯುತ್ತ ಹೋದಳು. ಆ ಎರಡು ದಿನ ನಾನು ಇವರ ಮುಂದೆ ತಟ್ಟೆಯನ್ನು ಕುಕ್ಕಿಯೇ ಇಟ್ಟೆ. ಕೋಪಕ್ಕಿಂತ ಭಯವೇ ಹೆಚ್ಚಾಗಿತ್ತು.

ಸೋಮವಾರ ಮೇಡಂ ಸಹಿ ಹಾಕಿದ ಕಾಗದವನ್ನು ಮಿಷನ್ನಿನ ಮೇಲೆ ಇಟ್ಟು, "ಕೇಳದೆ ಮಡಚಬೇಡಿ. ಕೇಳಿ ಮಡಚಿ," ಎಂದರು. ನಾನು ಒಳಗಿನ ಕೋಣೆಗೆ ಹೋಗಿ, ಬಟ್ಟೆಗಳ ರಾಶಿಯ ನಡುವೆ ನಿಂತು ಅತ್ತುಬಿಟ್ಟೆ.

ಎರಡು ತಿಂಗಳಿಗೆ ಪುಟ್ಟಿ ಬಂದಳು. ಚಪ್ಪಲಿ ಬಿಡುವ ಮೊದಲೇ ಅವಳಪ್ಪ ಹಸಿರು ಲಂಗ ತಂದರು. ಉಡಿಸಿ ನೋಡಿದರೆ ಕಣಕಾಲಿಗಿಂತ ಎಷ್ಟೋ ಮೇಲಿತ್ತು. ಇವರು ನೆಲದ ಮೇಲೆ ಕುಳಿತು, ನಗುನಗುತ್ತಲೇ ಮಡಿಕೆ ಬಿಚ್ಚತೊಡಗಿದರು. ಆರು ಬೆರಳೂ ಪೂರ್ತಿ ಬಿಚ್ಚಿ ಲಂಗವನ್ನು ಕೆಳಗೆಳೆದರು.

"ಇನ್ನೂ ಎರಡು ಬೆರಳು ಸಾಲ್ತಿಲ್ಲ ಕಣೇ," ಎಂದರು.

ಆ ಎರಡು ಬೆರಳುಗಳನ್ನು ಅವಳ ಕಾಲಿನ ಮೇಲೆ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ.